ವಿಜೇತಾ ಟೀಚರ ದಿನದ ಚೀಟಿ

ಮುಲುಂಡ್ ಪೂರ್ವ
ಜೂನ್ 3, 2024, ಸೋಮವಾರ

ಶ್ರೀಮತ್ ಸಕಲ ಶಿಶುಸಮೂಹ ಸಂರಕ್ಷಕಿ, ಡಯಪರ್ ದುರಿತ ನಿವಾರಿಣಿ, ಮುಲುಂಡ್ ಮಂಡಲಾಧೀಶ್ವರಿ, ‘ಅಂಗಳ’ ಶಿಶುಕೇಂದ್ರದ ಸಂಸ್ಥಾಪಕಿಯೂ ಏಕಮಾತ್ರ ಯಜಮಾನಿಯೂ, ಸದ್ಯ ವೈದ್ಯರ ಆಜ್ಞೆಯಿಂದ ಮೌನವ್ರತಧಾರಿಣಿಯೂ ಆದ ಸರಸ್ವತಿ ಅತ್ತೆಯವರ ದಿವ್ಯ ಸನ್ನಿಧಾನಕ್ಕೆ, ತಮ್ಮ ಅಣ್ಣನ ಮಗನೂ ಹಂಗಾಮಿ ಆಡಳಿತಾಧಿಕಾರಿಯೂ ಆದ ಅಚಿಂತ್ಯನು ಮೂರು ಸಲ ಬಗ್ಗಿ ನಮಸ್ಕರಿಸಿ, ನಾಲ್ಕನೆಯ ಸಲಕ್ಕೆ ಬೆನ್ನು ಹಿಡಿದುಕೊಂಡದ್ದರಿಂದ ಅಲ್ಲಿಗೇ ನಿಲ್ಲಿಸಿ, ಅರಿಕೆ ಮಾಡಿಕೊಳ್ಳುವುದೇನೆಂದರೆ:

ತಾವು ಗಂಟಲಿನ ಆಪರೇಶನ್ ಮಾಡಿಸಿಕೊಂಡು ಮೈಸೂರಿನ ದೊಡ್ಡತ್ತೆಯ ಮನೆಗೆ ದಯಮಾಡಿಸಿ ಇಂದಿಗೆ ಒಂಬತ್ತು ದಿನ. ದಿನಾ ವಾಟ್ಸಾಪಿನಲ್ಲಿ ವರದಿ ಕಳಿಸಲೇ ಎಂದು ಕೇಳಿದಾಗ ತಾವು ಸ್ಲೇಟಿನ ಮೇಲೆ ಬರೆದು ತೋರಿಸಿದ್ದು ನನ್ನ ಕಣ್ಣ ಮುಂದೆಯೇ ಇದೆ: ‘ಬೇಡ. ಅದರಲ್ಲಿ ನೀನು ಸುಳ್ಳು ಬೇಗ ಬೇಗ ಹೇಳ್ತೀಯ. ಕೈಯಲ್ಲಿ ಬರೆದು ಕೊರಿಯರ್ ಮಾಡು. ಕೈ ನೋಯಲಿ.’ ನೋಯುತ್ತಿದೆ, ಅತ್ತೆ. ಹತ್ತು ವರ್ಷ ಬೈದು ಬೈದು ತಾವು ಕಲಿಸಿದ ಕನ್ನಡ ಇಂಥ ಕೆಲಸಕ್ಕೆ ಬರುತ್ತದೆಂದು ಯಾರಿಗೆ ಗೊತ್ತಿತ್ತು!

ರಾಜ್ಯದ ಕ್ಷೇಮಸಮಾಚಾರ: ಚಿಕ್ಕ ಮಕ್ಕಳ ಕೋಣೆಯಲ್ಲಿ ಪ್ರಜೆಗಳು ಹದಿಮೂರು. ಕಚ್ಚಿದ ಪ್ರಕರಣ ಎರಡು, ಮೂಗಿಗೆ ಕ್ರೇಯಾನ್ ತುರುಕಿಕೊಂಡ ಪ್ರಕರಣ ಒಂದು. ನಿಶ್ಮಿತಾ ಮೂರು ತಿಂಗಳ ಟ್ರೇನಿಂಗ್ ಮುಗಿಸಿದರೂ ಇನ್ನೂ ಡಯಪರನ್ನು ಉಲ್ಟಾ ಹಾಕುತ್ತಾಳೆ. ಆಯಾ ಕೆಲಸದ ಮಾವಶಿ ಎಂದಿನಂತೆ ನಾಲ್ಕು ಗಂಟೆಗೆ ಮಾಯ.

ಈಗ ಕೆಟ್ಟ ಸುದ್ದಿ. ಇಂದು ಬೆಳಗ್ಗೆ ವಿಜೇತಾ ಟೀಚರ್ ಯಾವುದೋ ಮಗುವಿನ ಉಗುರು ಕತ್ತರಿಸುತ್ತ, ತಲೆಯೆತ್ತದೆ ಹೇಳಿದರು:

“ಅಚ್ಚು, ಒಂದು ವಿಷಯ ಉಂಟು. ಪಕ್ಕದ ಠಾಣೆ ಊರಲ್ಲಿ ಆ ಗಾಜಿನ ಕಟ್ಟಡದ ಪ್ರೀಸ್ಕೂಲ್ ಆಗಿದೆ ಅಲ್ವಾ, ಅಲ್ಲಿಂದ ನಂಗೆ ಕರೆದಿದ್ದಾರೆ. ಈ ತಿಂಗಳು ಮೂವತ್ತರೊಳಗೆ ಹೂಂ ಅಥವಾ ಊಹೂಂ ಅಂತ ಹೇಳ್ಬೇಕು.”

“ಸಂಬಳ ಜಾಸ್ತಿನಾ?”

“ಸಂಬಳ ಯಾರಿಗೆ ಬೇಡ ಮಾರಾಯ? ಆದ್ರೆ ಅದಲ್ಲ.”

“ಮತ್ತೆ ಏನು?”

ಆಗಲೇ ಆ ಕ್ರೇಯಾನ್ ಪ್ರಕರಣ ನಡೆದದ್ದರಿಂದ ಉತ್ತರ ಸಿಗಲಿಲ್ಲ.

ಹನ್ನೊಂದು ವರ್ಷದಿಂದ ಆ ಕೋಣೆಯನ್ನು ಹಿಡಿದಿಟ್ಟವರು ಅವರು. ಅವರು ಹೋದರೆ ತಾವೂ ಮಕ್ಕಳನ್ನು ಬಿಡಿಸುತ್ತೇವೆಂದು ಸುದ್ದಿ ಹೇಗೋ ಕಿವಿಗೆ ಬಿದ್ದ ಐದು ಮನೆಯವರು ಸಂಜೆಯೊಳಗೇ ಗೊಣಗಿದ್ದಾರೆ. ಆ ಕೋಣೆ ಮುಚ್ಚಿದರೆ ‘ಅಂಗಳ’ ಮುಚ್ಚಿದಂತೆಯೇ. ಆದ್ದರಿಂದ ನಾನು ಆಫೀಸಿನ ಮೀನಿನ ತೊಟ್ಟಿ ಸಾಕ್ಷಿಯಾಗಿ ಪ್ರತಿಜ್ಞೆ ಮಾಡಿದ್ದೇನೆ: ಮೂವತ್ತನೇ ತಾರೀಕು ದಾಟಿದ ಮೇಲೂ ವಿಜೇತಾ ಟೀಚರ್ ಇದೇ ಕೋಣೆಯಲ್ಲಿರುತ್ತಾರೆ. ಹೇಗೆ ಎಂಬುದು ಮಾತ್ರ ಇನ್ನೂ ಹೊಳೆದಿಲ್ಲ. ತಮ್ಮ ಅಪ್ಪಣೆ ಬೇಕು.

ಮಕ್ಕಳಿಗೆ ದಿನಾ ಸಂಜೆ ಬ್ಯಾಗಿನಲ್ಲಿಡುವ ಚೀಟಿಗಳನ್ನು, ಅಂದರೆ ಊಟ, ನಿದ್ದೆ, ಸೂಸು, ಮೂಡ್, ಈಗ ನಾನೇ ತುಂಬುತ್ತಿರುವುದರಿಂದ ಬೇಸರ ಕಳೆಯಲು ಒಂದು ಚೀಟಿಯನ್ನು ವಿಜೇತಾ ಟೀಚರ ಹೆಸರಿಗೂ ತುಂಬಿದೆ. ನಗಲು ಕಳಿಸುತ್ತಿದ್ದೇನೆ. ಗಂಟಲಿಗೆ ತೊಂದರೆಯಾಗದಂತೆ, ಸದ್ದಿಲ್ಲದೆ ನಗುವುದು.

ಊಟ: ಒಂದು ಚಪಾತಿ, ನಿಂತುಕೊಂಡು, ನಾಲ್ಕು ಕಂತಿನಲ್ಲಿ.
ನೀರು: ಎರಡು ಗುಟುಕು.
ನಿದ್ದೆ: ಇಲ್ಲ.
ಮೂಡ್: ಒಳ್ಳೆಯದು (ಹಾಗೆ ಹೇಳಿದರು).

ಪಾದಸೇವಕ,
ಅಚಿಂತ್ಯ


ಮೈಸೂರು, ಜಯಲಕ್ಷ್ಮೀಪುರಂ
ಜೂನ್ 7, 2024

ಚಿ. ಅಚಿಂತ್ಯನಿಗೆ ಆಶೀರ್ವಾದ.

ನಿನ್ನ ಪತ್ರದ ಮೊದಲ ಅರ್ಧ ಪುಟ ಓದದೆ ಬಿಟ್ಟೆ. ಉಳಿದದ್ದು ಓದಿದೆ.

ವಿಜೇತಾ ಬಿಟ್ಟುಹೋಗುವ ಹುಡುಗಿಯಲ್ಲ. ಹೊರಗಿನವರು ಕರೆದಾಗ ಸ್ವಲ್ಪ ತಲೆ ತಿರುಗುತ್ತದೆ, ಯಾರಿಗಾದರೂ ಅಷ್ಟೇ. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಹೆಡ್‌ಮಿಸ್ಟ್ರೆಸ್ ಹೇಳಿದ್ದರು: ಟೀಚರನ್ನು ಎದುರಿಗೆ ಹೊಗಳಬೇಡ, ಕೆಲಸ ಸಡಿಲವಾಗುತ್ತದೆ. ಹತ್ತೊಂಬತ್ತು ವರ್ಷ ನಾನು ಅದನ್ನೇ ಪಾಲಿಸಿದೆ. ನಷ್ಟವೇನೂ ಆಗಿಲ್ಲ. ಆದರೂ ಕಾಲ ಬದಲಾಗಿದೆ ಅಂತ ನಿನ್ನ ದೊಡ್ಡತ್ತೆ ಹೇಳುತ್ತಾಳೆ. ಎದುರುತ್ತರ ಕೊಡೋಣ ಅಂದರೆ ಸ್ಲೇಟು ಅಡುಗೆಮನೆಯಲ್ಲಿತ್ತು.

ಹೀಗೆ ಮಾಡು. ಕನ್ನಡ ಸಂಘದ ಕೇಶವಮೂರ್ತಿಯವರನ್ನು ಕರೆ. ನಮ್ಮ ಹಾಲ್‌ನಲ್ಲೇ ಶನಿವಾರ ವಿಜೇತಾಳಿಗೆ ಸನ್ಮಾನ ಇಡು. ಶಾಲು, ಮೈಸೂರು ಪೇಟ, ಶ್ರೀಗಂಧದ ಹಾರ, ಹಣ್ಣಿನ ಬುಟ್ಟಿ, ಸನ್ಮಾನಪತ್ರ. ಪೇಟ ಮತ್ತು ಹಾರ ಇಲ್ಲಿಂದಲೇ ಕಳಿಸುತ್ತಿದ್ದೇನೆ. ಕಮ್ಮಿ ಮಾಡಬೇಡ. ತಂದೆತಾಯಿಯರೆಲ್ಲ ಬರಲಿ. ನಾಲ್ಕು ಜನರ ಮುಂದೆ ತಲೆಗೆ ಪೇಟ ಬಿದ್ದಮೇಲೆ ಯಾರೂ ಬೇರೆ ಕಡೆ ಹೋಗುವುದಿಲ್ಲ.

ಆ ಚೀಟಿಯ ಆಟ ನನಗೆ ಹಿಡಿಸಲಿಲ್ಲ. ದೊಡ್ಡವರ ಊಟ ನಿದ್ದೆ ಬರೆದು ನಗುವುದೇನು? ಇನ್ನು ಕಳಿಸಬೇಡ.

ಡಾಕ್ಟರು ನನಗೆ ದಿನಕ್ಕೆ ಮೂರು ಲೀಟರ್ ನೀರು ಕುಡಿ ಅಂದಿದ್ದಾರೆ. ದೊಡ್ಡತ್ತೆ ಬಾಟಲಿಗೆ ಗೆರೆ ಎಳೆದು ಎದುರಿಗೆ ಕೂರುತ್ತಾಳೆ. ಜೈಲು.

ಸರಸ್ವತಿ


ಮುಲುಂಡ್ ಪೂರ್ವ
ಜೂನ್ 16, 2024, ಭಾನುವಾರ

ಮಹಾಮೌನಿ ಅತ್ತೆಯವರ ಸನ್ನಿಧಿಗೆ,

ಸನ್ಮಾನ ಸಮಾರಂಭವು ನಿನ್ನೆ ಅಭೂತಪೂರ್ವವಾಗಿ ನೆರವೇರಿತು. ಅಭೂತಪೂರ್ವ ಎಂಬುದಕ್ಕೆ ‘ಹಿಂದೆಂದೂ ಆಗಿರಲಿಲ್ಲ’ ಎಂದಷ್ಟೇ ಅರ್ಥ ಎಂದು ತಾವೇ ಕಲಿಸಿದ್ದೀರಿ. ಅದನ್ನು ನೆನಪಿಟ್ಟುಕೊಂಡು ಮುಂದೆ ಓದತಕ್ಕದ್ದು.

ಸನ್ಮಾನಪತ್ರ ನನ್ನದೇ ರಚನೆ. ‘ಹೇ ಶಿಶುಹೃದಯಸಿಂಹಾಸನಾರೂಢೆ’ ಎಂದು ಆರಂಭ. ನಾನು ಓದುವಾಗ ನಿಶ್ಮಿತಾ ಬಾಯಿಗೆ ಕರ್ಚೀಫ್ ತುರುಕಿಕೊಂಡಳು. ಪೇಟ ವಿಜೇತಾ ಟೀಚರ ಹುಬ್ಬಿನವರೆಗೆ ಇಳಿಯಿತು. ಆಗಲೇ ಫೋಟೋ ತೆಗೆದರು. ಅನಂತರ ಕೇಶವಮೂರ್ತಿಯವರು ಎದ್ದರು. ನಲವತ್ತೆಂಟು ನಿಮಿಷ ಮಾತಾಡಿದರು. ಅದರಲ್ಲಿ ನಲವತ್ತು ನಿಮಿಷ ಅವರು ಚೆಂಬೂರಿನಲ್ಲಿ ಬಾಡಿಗೆಗಿದ್ದ ಕಾಲದ ನೀರಿನ ತೊಂದರೆಯ ಕುರಿತು.

ಇಷ್ಟೂ ಹೊತ್ತು ಪಕ್ಕದ ಕೋಣೆಯಲ್ಲಿ ಹದಿಮೂರು ಜನರನ್ನು ಮಾವಶಿ ಒಬ್ಬಳೇ ಹಿಡಿದಿದ್ದಳು. ಪೇಟ ಇಡುವಾಗಲೇ ಒಂದು ಅಳು ಬಂತು, ಆಮೇಲೆ ಇನ್ನೂ ಮೂರು. ವಿಜೇತಾ ಟೀಚರ್ ವೇದಿಕೆಯ ಮೇಲಿಂದಲೇ ನನ್ನ ಕಡೆಗೆ ವಾಲಿ ಪಿಸುಗುಟ್ಟಿದರು: “ಅದು ಇಂಚರಾ. ಹಸಿವು ಅಲ್ಲ, ಬಟ್ಟೆ ಒದ್ದೆ. ಹೋಗಿ ಹೇಳು ಮಾರಾಯ.”

“ಈಗ ಹೇಗೆ ಏಳೋದು ಟೀಚರ್? ಭಾಷಣ ನಡೀತಿದೆ.”

“ಹಾಗಾದ್ರೆ ನಾನೇ ಹೋಗ್ತೇನೆ.”

ಎದ್ದೇಬಿಟ್ಟರು. ಪೇಟ, ಶಾಲು, ಹಾರ ಸಮೇತ. ಆ ರೂಪದಲ್ಲಿ ಅವರು ಬಾಗಿಲಲ್ಲಿ ಕಂಡದ್ದೇ ತಡ, ಅಳದೆ ಕೂತಿದ್ದ ಉಳಿದ ಒಂಬತ್ತು ಮಕ್ಕಳೂ ಕಿರುಚಿಕೊಂಡವು. ಆರ್ಯ ಮೇಜಿನ ಕೆಳಗೆ ನುಗ್ಗಿದ. “ಅರೇ ದೇವಾ!” ಎಂದು ಮಾವಶಿ ಪೇಟವನ್ನು ಕಿತ್ತು ಕಪಾಟಿನ ಮೇಲೆಸೆದ ಮೇಲೆಯೇ ಶಾಂತಿ. ಶಾಲು ಈಗ ಇಂಚರಾಳ ಹೊದಿಕೆಯಾಗಿದೆ.

ಎಲ್ಲರೂ ಹೋದ ಮೇಲೆ ಹೂವಿನ ಪಕಳೆ ಗುಡಿಸಿದ್ದು ವಿಜೇತಾ ಟೀಚರ್. ಶನಿವಾರ ಒಂದು ಗಂಟೆಗೆ ಹೊರಡಬೇಕಾದವರು ನಾಲ್ಕಕ್ಕೆ ಹೊರಟರು. “ಚಂದ ಆಯ್ತು, ಸರಸ್ವತಿಯಮ್ಮನಿಗೆ ಹೇಳು” ಎಂದರು. ತುತ್ತೂ ಮುಟ್ಟದ ಮಗುವಿನ ತಾಯಿಗೆ ‘ಪರವಾಗಿಲ್ಲ, ಸ್ವಲ್ಪ ತಿಂದ’ ಎಂದು ಹೇಳುವಾಗ ಇರುತ್ತದಲ್ಲ, ಅದೇ ಮುಖ. ಗಾಜಿನ ಶಾಲೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಬೇಡ ಎಂದರೂ ಇನ್ನೊಂದು ಚೀಟಿ ಇಟ್ಟಿದ್ದೇನೆ. ಈಗ ಅದು ದಿನದ ಚಟವಾಗಿದೆ. ಕೂತಲ್ಲಿಂದ ಅವರನ್ನು ನೋಡುತ್ತೇನೆ, ಬರೆಯುತ್ತೇನೆ. ಮೊದಲ ದಿನ ನಗು ಬಂದಿತ್ತು. ಈಗ ಅಷ್ಟು ಬರುತ್ತಿಲ್ಲ, ಯಾಕೋ ಗೊತ್ತಿಲ್ಲ.

ಸೇವಕ,
ಅಚಿಂತ್ಯ


ಮೈಸೂರು
ಜೂನ್ 19, 2024

ಚಿ. ಅಚಿಂತ್ಯನಿಗೆ ಆಶೀರ್ವಾದ.

ನಿನ್ನ ಪತ್ರಕ್ಕಿಂತ ಮೊದಲೇ ಕೇಶವಮೂರ್ತಿಯವರು ಫೋಟೋ ಕಳಿಸಿದ್ದರು. ವಿಜೇತಾ ಪೇಟದಲ್ಲಿ ಎಷ್ಟು ಲಕ್ಷಣವಾಗಿದ್ದಾಳೆ! ಸಂತೋಷದಿಂದ ಕಣ್ಣು ತುಂಬಿ ಬಂದಿರುವುದೂ ಕಾಣುತ್ತದೆ. ದೊಡ್ಡತ್ತೆಗೆ ತೋರಿಸಿದೆ. ಫ್ರೇಮ್ ಹಾಕಿಸಿ ಆಫೀಸಿನಲ್ಲಿ ತೂಗುಹಾಕು.

ಮಕ್ಕಳು ಹೆದರಿದ ಕಥೆಗೆಲ್ಲ ನೀನು ಉಪ್ಪುಖಾರ ಹಚ್ಚಿದ್ದೀಯ ಅಂತ ನನಗೆ ಗೊತ್ತು. ಚೀಟಿ ಓದಲಿಲ್ಲ, ಪಕ್ಕಕ್ಕಿಟ್ಟೆ.

ಅವಳು ಇನ್ನು ಹೋಗುವುದಿಲ್ಲ. ಚಿಂತೆ ಬಿಡು. ನಿಶ್ಮಿತಾಗೆ ಡಯಪರ್ ಹಾಕುವುದು ಕಲಿಸು.

ಸರಸ್ವತಿ


ಮುಲುಂಡ್ ಪೂರ್ವ
ಜೂನ್ 22, 2024, ಶನಿವಾರ

ಅತ್ತೆ,

ಇವತ್ತು ಬಿರುದುಬಾವಲಿ ಇಲ್ಲ. ತಪ್ಪು ಮಾಡಿದ್ದೇನೆ. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಮೊನ್ನೆ ಗುರುವಾರ ಜೋರು ಮಳೆ. ಲೋಕಲ್ ಟ್ರೇನುಗಳು ನಲವತ್ತು ನಿಮಿಷ ಲೇಟು. ಸಂಜೆ ತಾಯಂದಿರೆಲ್ಲ ಒಟ್ಟಿಗೇ ಬಂದು ನುಗ್ಗಿದರು. ಚೀಟಿಗಳ ಕಟ್ಟನ್ನು ನಿಶ್ಮಿತಾ ಎತ್ತಿಕೊಂಡು ಬ್ಯಾಗುಗಳಿಗೆ ಹಾಕಿದಳು. ನಾನು ವಿಜೇತಾ ಟೀಚರ ಬಗ್ಗೆ ಬರೆದ ಚೀಟಿಯೂ ಅದೇ ಕಟ್ಟಿನಲ್ಲಿತ್ತು. ಯಾರಾದರೂ ನೋಡಿಯಾರೆಂದು ಅದರಲ್ಲಿ ಹೆಸರು ಬರೆದಿರಲಿಲ್ಲ. ಕೊನೆಗೆ ಉಳಿದ ಬ್ಯಾಗು ಇಂಚರಾಳದು; ಅವಳ ಚೀಟಿ ತುಂಬುವುದು ಗಡಿಬಿಡಿಯಲ್ಲಿ ಬಿಟ್ಟುಹೋಗಿತ್ತು. ಕೊನೆಗೆ ಉಳಿದ ಚೀಟಿ ಅದು.

ಅದರಲ್ಲಿ ಇದ್ದದ್ದು ಇಷ್ಟು:

ಊಟ: ಅರ್ಧ ಚಪಾತಿ.
ನೀರು: ಒಂದು ಗುಟುಕು.
ಸೂಸು: ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಇಲ್ಲ.
ನಿದ್ದೆ: ಇಲ್ಲ.
ಅತ್ತದ್ದು: ಒಮ್ಮೆ, ಬಾಗಿಲ ಹಿಂದೆ, ಒಂಟಿಯಾಗಿ. ಯಾರೂ ಹೋಗಿ ನೋಡಲಿಲ್ಲ.

ಇಂಚರಾಳ ತಾಯಿ ಧಾತ್ರಿ ಮೇಡಂ ಪರೇಲ್‌ನಲ್ಲಿ ಆಫೀಸು ಮುಗಿಸಿ, ಮೂರು ಟ್ರೇನು ಬಿಟ್ಟು ನಾಲ್ಕನೆಯದರಲ್ಲಿ ತೂರಿಕೊಂಡು ಬಂದವರು. ಮನೆಗೆ ಹೋಗಿ ಇದನ್ನು ಓದಿದ್ದಾರೆ. ಮಗುವನ್ನು ಎತ್ತಿಕೊಂಡು ಹಾಗೆಯೇ ಮಕ್ಕಳ ಡಾಕ್ಟರ ಹತ್ತಿರ ಓಡಿದ್ದಾರೆ. ಡಾಕ್ಟರು ಹೊಟ್ಟೆ ಒತ್ತಿ ನೋಡುತ್ತಿದ್ದಾಗಲೇ ಇಂಚರಾ ಅವರ ಮೇಜನ್ನು ಧಾರಾಳವಾಗಿ ಒದ್ದೆ ಮಾಡಿದಳಂತೆ. ಬೇರೆ ದಿನವಾಗಿದ್ದರೆ ಇದರ ಮೇಲೆ ಎರಡು ಪುಟ ಬರೆಯುತ್ತಿದ್ದೆ.

ನಿನ್ನೆ ಬೆಳಗ್ಗೆ ಎಂಟಕ್ಕೆ ಧಾತ್ರಿ ಮೇಡಂ ಆ ಚೀಟಿ ಹಿಡಿದು ಬಂದರು.

“ಯೇ ಕ್ಯಾ ಹೈ? ಎಂಟು ಗಂಟೆ ಮಗು ಸೂಸು ಮಾಡಿಲ್ಲ, ನೀರು ಕೊಟ್ಟಿಲ್ಲ, ಬಾಗಿಲ ಹಿಂದೆ ಒಬ್ಬಳೇ ಅಳ್ತಾ ಇದ್ಲು, ಮತ್ತೆ ನೀವು ಆರಾಮಾಗಿ ಕೂತು ಚೀಟಿ ಬರೀತೀರ? ಮನುಷ್ಯರಾ ನೀವು? ಯಾರು ನೋಡ್ಕೊಳ್ತಿದ್ರು ಅವಳನ್ನ?”

ವಿಜೇತಾ ಟೀಚರ್ ಬಂದು ಚೀಟಿ ತೆಗೆದುಕೊಂಡರು. ಓದಿದರು. ಎರಡನೆಯ ಸಲ ಓದಿದರು. ನನ್ನ ಅಕ್ಷರ ಅವರಿಗೆ ಗೊತ್ತು.

“ಇದು ಇಂಚರಾಳದ್ದು ಅಲ್ಲ ಮೇಡಂ,” ಎಂದರು. “ನನ್ನದು.”

ಧಾತ್ರಿ ಮೇಡಂ ಚೀಟಿಯನ್ನೊಮ್ಮೆ ನೋಡಿದರು, ಟೀಚರನ್ನೊಮ್ಮೆ ನೋಡಿದರು. “ಎಂಟು ಗಂಟೆ?” ಎಂದಷ್ಟೇ ಕೇಳಿ, ಉತ್ತರಕ್ಕೆ ಕಾಯದೆ ಹೊರಗೆ ಹೋದರು.

ಆಮೇಲೆ ನನ್ನ ಸರದಿ.

“ಎಷ್ಟು ದಿನದಿಂದ ಬರೀತಾ ಇದ್ದಿ?”

“ಮೂರನೇ ತಾರೀಕಿಂದ.”

“ನಾನು ಅಳುದು ನೋಡಿ ನೀನು ಒಳಗೆ ಬರ್ಲಿಲ್ಲ. ಕೂತು ಬರೆದಿ. ಅಲ್ವಾ?”

ಹೌದೆಂದು ತಲೆಯಾಡಿಸಿದೆ.

“ಬರೆದದ್ದು ಎಲ್ಲ ಸರಿ ಉಂಟು,” ಎಂದರು. “ಅದೇ ನಂಗೆ ಹೆಚ್ಚು ನಾಚಿಕೆ. ಮೂವತ್ತಕ್ಕೆ ನಾನು ಅವರಿಗೆ ಹೂಂ ಅಂತ ಹೇಳ್ತೇನೆ. ಸರಸ್ವತಿಯಮ್ಮನಿಗೆ ನೀನೇ ಬರಿ.”

ಅವರು ಯಾಕೆ ಅತ್ತರು ಎಂಬುದನ್ನೂ ಬರೆಯಬೇಕು. ಗುರುವಾರ ಆರ್ಯನ ಕೊನೆಯ ದಿನವಾಗಿತ್ತು. ಅವನ ಮನೆಯವರು ಚೆಂಬೂರಿಗೆ ಹೋದರು. ಎಂಟು ತಿಂಗಳ ಕೂಸಾಗಿದ್ದಾಗಿನಿಂದ ಎರಡೂವರೆ ವರ್ಷದವರೆಗೆ ಅವನು ಬೆಳೆದದ್ದು ವಿಜೇತಾ ಟೀಚರ ಸೊಂಟದ ಮೇಲೆ. ಅವನ ಅಪ್ಪ ಪ್ರೀತಮ್ ಮಧ್ಯಾಹ್ನ ಮೂರಕ್ಕೆ ಗೇಟಿನಿಂದಲೇ ಕೂಗಿದರು, ಮಾವಶಿ ಎತ್ತಿಕೊಂಡು ಹೋಗಿ ಕೊಟ್ಟಳು, ರಿಕ್ಷಾ ಹೊರಟಿತು. ಹತ್ತು ನಿಮಿಷದ ಮೇಲೆ ಮಾವಶಿ ಹೇಳಿದಾಗಲೇ ಟೀಚರಿಗೆ ಗೊತ್ತಾದದ್ದು.

ಪ್ರೀತಮ್ ನನಗೆ ಹದಿನೈದು ದಿನ ಮೊದಲೇ ಹೇಳಿದ್ದರು, ಅತ್ತೆ. ನಾನು ರಿಜಿಸ್ಟರಿನಲ್ಲಿ ಬರೆದುಕೊಂಡಿದ್ದೆ. ಟೀಚರಿಗೆ ಹೇಳಬೇಕು ಎಂದು ಹೊಳೆಯಲೇ ಇಲ್ಲ.

ಇನ್ನು ಎಂಟು ದಿನ ಉಳಿದಿದೆ. ನಾನು ಕೈ ಬಿಟ್ಟಿಲ್ಲ. ಆದರೆ ಏನು ಮಾಡಬೇಕು ಎಂದು ನೀವು ಹೇಳಬೇಕು.

ಅಚಿಂತ್ಯ


ಮೈಸೂರು
ಜೂನ್ 25, 2024, ಮಂಗಳವಾರ

ಅಚಿಂತ್ಯ,

ಪತ್ರ ಸಿಕ್ಕಿತು. ಪಕ್ಕಕ್ಕಿಟ್ಟಿದ್ದ ಚೀಟಿಯನ್ನೂ ಹುಡುಕಿ ಓದಿದೆ. ಮೊದಲನೆಯದನ್ನು ಇನ್ನೊಮ್ಮೆ ಓದಿದೆ.

ವಿಜೇತಾ ಕೆಲಸಕ್ಕೆ ಸೇರಿದ ದಿನ ನಾನು ಅವಳಿಗೆ ಹೇಳಿದ ಮೊದಲ ಮಾತು ಯಾವುದು ಗೊತ್ತಾ? ‘ಬೆಳಗ್ಗೆ ನೀರು ಜಾಸ್ತಿ ಕುಡಿಯಬೇಡ, ಕೋಣೆ ಬಿಟ್ಟು ಹೋಗಬೇಕಾಗುತ್ತೆ.’ ನಾನೂ ಹಾಗೆಯೇ ಇದ್ದೆ. ಅದು ಜಾಣತನ ಅಂದುಕೊಂಡಿದ್ದೆ. ಇಲ್ಲಿ ಡಾಕ್ಟರು ನನ್ನ ಗಂಟಲೊಳಗಿನ ಗಂಟಿನ ಚಿತ್ರ ತೋರಿಸಿ, ‘ಇಪ್ಪತ್ತು ವರ್ಷ ಒಣ ಗಂಟಲಲ್ಲಿ ಕೂಗಿದ್ದೀರಿ’ ಅಂದರು. ಅದನ್ನು ನಿನಗೆ ಬರೆದಿರಲಿಲ್ಲ. ನನ್ನ ಗಂಟಲಿನ ವಿಷಯ ಅಂತ ಸುಮ್ಮನಿದ್ದೆ. ಹನ್ನೊಂದು ವರ್ಷದಿಂದ ಅವಳ ಗಂಟಲಿನ ವಿಷಯವೂ ಹೌದು ಅಂತ ಈಗ ತಿಳಿಯಿತು.

ಮಗು ಬಿಟ್ಟು ಹೋಗುವ ದಿನವನ್ನು ಟೀಚರಿಗೆ ಹೇಳದೆ ಇರುವುದು ನಿನ್ನ ಮರೆವಲ್ಲ. ನನ್ನ ಪದ್ಧತಿ. ಹೇಳಿದರೆ ಅಳುತ್ತಾರೆ, ಆ ದಿನದ ಕೆಲಸ ಕೆಡುತ್ತದೆ ಅಂತ ನಾನು ಯಾವತ್ತೂ ಹೇಳುತ್ತಿರಲಿಲ್ಲ. ನೀನು ನನ್ನನ್ನು ನೋಡಿ ಕಲಿತಿದ್ದೀಯ.

ಫೋಟೋದಲ್ಲಿ ಅವಳ ಕಣ್ಣು ತುಂಬಿದ್ದು ಸಂತೋಷಕ್ಕೆ ಅಂದುಕೊಂಡಿದ್ದೆ. ಆ ಹೊತ್ತಿಗೆ ಒಳಗೆ ಮಕ್ಕಳು ಅಳುತ್ತಿದ್ದರಲ್ಲವಾ? ಫ್ರೇಮ್ ಹಾಕಿಸಬೇಡ. ಹಾಕಿಸಿದ್ದರೆ ಇಳಿಸು.

ಈಗ ಕೇಳು. ಪತ್ರ ಮುಟ್ಟಿದ ಮರುದಿನದಿಂದ ಒಂದರಿಂದ ಒಂದೂವರೆಯವರೆಗೆ ಆ ಕೋಣೆಯಲ್ಲಿ ನೀನು ಕೂರಬೇಕು, ನಿಶ್ಮಿತಾಳ ಜೊತೆ. ಆಫೀಸಿಗೆ ಬೀಗ ಹಾಕು. ಫೋನ್ ಬಂದರೆ ಬಡಿದುಕೊಳ್ಳಲಿ. ವಿಜೇತಾ ಆ ಅರ್ಧ ಗಂಟೆ ಆಫೀಸಿನಲ್ಲಿ ನನ್ನ ಕುರ್ಚಿಯಲ್ಲಿ ಕೂತು ಊಟ ಮಾಡಲಿ. ನನ್ನ ಕುರ್ಚಿಯಲ್ಲೇ, ಸ್ಟೂಲಿನ ಮೇಲಲ್ಲ. ನಾನು ವಾಪಸ್ ಬಂದ ಮೇಲೆ ಆ ಅರ್ಧ ಗಂಟೆ ಕೋಣೆಯ ಪಾಳಿ ನನ್ನದು. ಅವಳು ಇರಲಿ ಹೋಗಲಿ, ನಿಶ್ಮಿತಾಗೂ ಇದೇ ನಿಯಮ. ಮಾವಶಿಯನ್ನು ಕೇಳಿ ಅವಳದ್ದೂ ಗೊತ್ತುಮಾಡು. ಅವಳು ನಾಲ್ಕಕ್ಕೆ ಯಾಕೆ ಮಾಯವಾಗುತ್ತಾಳೆ ಅಂತ ನಾವು ಯಾವತ್ತಾದರೂ ಕೇಳಿದ್ದೇವಾ?

ಚೆಂಬೂರಿಗೆ ಹೋಗು. ಪ್ರೀತಮ್ ಅವರ ಮನೆ ಹುಡುಕು. ಆರ್ಯನನ್ನು ಮೂವತ್ತರೊಳಗೆ ಒಂದು ಸಲ ಕರೆತರಲು ಹೇಳು. ಬರಲಾಗುವುದಿಲ್ಲ ಅಂದರೆ ಬರುವವರೆಗೆ ಅವರ ಮನೆಯಲ್ಲೇ ಕೂರು, ನಿನಗೆ ಅಂಥದ್ದೆಲ್ಲ ಬರುತ್ತದೆ.

ಇದರ ಜೊತೆ ವಿಜೇತಾಳಿಗೆ ಒಂದು ಅಂಟಿಸಿದ ಲಕೋಟೆ ಇದೆ. ಸಂಬಳದ ವಿಷಯವನ್ನೂ ಅದರಲ್ಲಿ ಬರೆದಿದ್ದೇನೆ, ಬೇರೆಯದನ್ನೂ ಬರೆದಿದ್ದೇನೆ. ನೀನು ಓದಬೇಡ. ಆವಿ ಹಿಡಿದು ತೆರೆದರೂ ನನಗೆ ಗೊತ್ತಾಗುತ್ತದೆ.

ಅವಳು ಹೋಗುತ್ತೇನೆ ಅಂದರೆ ಅಳುತ್ತ ತಡೆಯಬೇಡ, ಬೇಡಿಕೊಳ್ಳಬೇಡ. ಆದರೆ ಅವಳು ಹೋಗುವ ಮೊದಲು ಇದೆಲ್ಲ ಆಗಿರಬೇಕು.

ಚೀಟಿ ಬರೆದದ್ದು ತಪ್ಪಲ್ಲ. ಬರೆದು ಸುಮ್ಮನೆ ಕೂತದ್ದು ತಪ್ಪು. ಇಬ್ಬರದ್ದೂ.

ಸರಸ್ವತಿ


ಮುಲುಂಡ್ ಪೂರ್ವ
ಜುಲೈ 1, 2024, ಸೋಮವಾರ

ಪೂಜ್ಯ ಅತ್ತೆಯವರಿಗೆ, ಮಧ್ಯಮ ಗಾತ್ರದ ನಮಸ್ಕಾರ (ಪೂರ್ಣ ಗಾತ್ರದ್ದಕ್ಕೆ ಇನ್ನೂ ಧೈರ್ಯವಿಲ್ಲ).

ತಮ್ಮ ಪತ್ರ ಗುರುವಾರ ಮುಟ್ಟಿತು. ಲಕೋಟೆಯನ್ನು ವಿಜೇತಾ ಟೀಚರ ಕೈಗೆ ಕೊಟ್ಟೆ. ಆವಿ ಹಿಡಿಯಲಿಲ್ಲ. ಅಡುಗೆಮನೆಯವರೆಗೆ ಹೋಗಿದ್ದು ನಿಜ, ಅಲ್ಲಿಂದ ವಾಪಸ್ ಬಂದದ್ದೂ ನಿಜ. ಅವರು ಅದನ್ನು ಕಿಟಕಿಯ ಹತ್ತಿರ ನಿಂತು ಓದಿದರು. ನಾಲ್ಕು ಪುಟ. ಮಧ್ಯದಲ್ಲಿ ಒಂದು ಕಡೆ ನಕ್ಕರು. ಕೊನೆಯಲ್ಲಿ ನಗಲಿಲ್ಲ.

“ಏನು ಬರೆದಿದ್ದಾರೆ?”

“ನಿಂಗೆ ಎಂತಕ್ಕೆ? ಚೀಟಿಯಲ್ಲಿ ಹಾಕ್ಲಿಕ್ಕಾ?”

ಮಡಚಿ ಪರ್ಸಿನಲ್ಲಿಟ್ಟುಕೊಂಡು, ಲೋಟದ ತುಂಬ ನೀರು ಕುಡಿದು ಕೋಣೆಗೆ ಹೋದರು.

ಶುಕ್ರವಾರ ಒಂದು ಗಂಟೆಗೆ ಸರಿಯಾಗಿ ನಾನು ರಾಜ್ಯಭಾರ ವಹಿಸಿಕೊಂಡೆ. ಅತ್ತೆ, ಅರ್ಧ ಗಂಟೆ ಎಂದರೆ ಎಷ್ಟು ಉದ್ದ ಎಂದು ನನಗೆ ಈ ಇಪ್ಪತ್ಮೂರು ವರ್ಷದಲ್ಲಿ ತಿಳಿದಿರಲಿಲ್ಲ. ಮಲಗಿಸಿದ ಹನ್ನೆರಡು ಮಕ್ಕಳಲ್ಲಿ ಏಳು ಜನ ಎದ್ದು ಕೂತು ನನ್ನನ್ನು ಕಳ್ಳನನ್ನು ನೋಡುವ ಹಾಗೆ ನೋಡಿದರು. ಒಬ್ಬಳು ನನ್ನ ಕನ್ನಡಕ ತೆಗೆದುಕೊಂಡು ಹೋದಳು. ನಿಶ್ಮಿತಾ, “ಹಿಲ್ನಾ ಮತ್, ಅಲ್ಲಾಡ್ಬೇಡ, ಒಬ್ಬನ್ನ ತಟ್ಟು, ಬಾಕಿಯವರು ತಾವೇ ಅಪ್ನೇ ಆಪ್ ಮಲಗ್ತಾರೆ” ಎಂದಳು. ಆ ಹುಡುಗಿಗೆ ನನಗಿಂತ ಜಾಸ್ತಿ ಗೊತ್ತಿದೆ. ಇಂದು ಡಯಪರ್ ಕೂಡ ಸರಿಯಾಗಿ ಹಾಕಿದಳು. ಎದುರಿಗೇ ಹೊಗಳಿದೆ. ಕೆಲಸ ಸಡಿಲವಾಗಲಿಲ್ಲ, ಇನ್ನೂ ಎರಡು ಹಾಕಿದಳು.

ಮೊದಲ ದಿನ ವಿಜೇತಾ ಟೀಚರ್ ತಮ್ಮ ಕುರ್ಚಿಯ ಅಂಚಿನಲ್ಲಿ ಕೂತು ಏಳು ನಿಮಿಷದಲ್ಲಿ ತಿಂದು ಓಡಿ ಬಂದರು. ಬಾಗಿಲಲ್ಲೇ ತಡೆದೆ. “ಇನ್ನೂ ಇಪ್ಪತ್ಮೂರು ನಿಮಿಷ ಇದೆ. ಮೈಸೂರಿನಿಂದ ಆಜ್ಞೆ.”

“ಅಷ್ಟು ಹೊತ್ತು ಎಂತ ಮಾಡುದು ನಾನು?”

“ಸುಮ್ಮನೆ ಕೂರಿ.”

ಬೈದುಕೊಂಡೇ ಹೋದರು. ಒಂದೂವರೆಗೆ ನೋಡಿದರೆ ಕುರ್ಚಿಗೆ ಪೂರ್ತಿ ಒರಗಿ ಕಣ್ಣು ಮುಚ್ಚಿದ್ದರು. ಐದು ನಿಮಿಷ ಹೆಚ್ಚು ಬಿಟ್ಟೆ.

ಮಾವಶಿಯನ್ನೂ ಕೇಳಿದೆ. ನಾಲ್ಕಕ್ಕೆ ಅವಳ ವಠಾರದ ನಲ್ಲಿಯಲ್ಲಿ ನೀರು ಬರುತ್ತದೆ, ಅರ್ಧ ಗಂಟೆ ಮಾತ್ರ. ಹನ್ನೆರಡು ವರ್ಷದಿಂದ ಅವಳು ನಮಗೆ ಹೆದರಿ ಕದ್ದು ಹೋಗುತ್ತಿದ್ದಳು. ಈಗ ಹೇಳಿ ಹೋಗುತ್ತಾಳೆ, ನೀರು ಹಿಡಿದಿಟ್ಟು ವಾಪಸ್ಸೂ ಬರುತ್ತಾಳೆ.

ಅದೇ ಶುಕ್ರವಾರ ಸಂಜೆ ಕುರ್ಲಾದಲ್ಲಿ ಟ್ರೇನು ಬದಲಿಸಿ ಚೆಂಬೂರಿಗೆ ಹೋದೆ. ಪ್ರೀತಮ್ ಸಾಮಾನಿನ ಪೆಟ್ಟಿಗೆಗಳ ಮಧ್ಯೆ ಬನಿಯನ್ನಿನಲ್ಲಿ ನಿಂತಿದ್ದರು. ವಿಷಯ ಕೇಳಿ ತಲೆಗೆ ಕೈ ಹಚ್ಚಿಕೊಂಡರು.

“ಛೇ! ರಿಕ್ಷಾದ ಹಿಂದೆ ಸಾಮಾನಿನ ಟೆಂಪೋದವ ಹಾರ್ನ್ ಹೊಡಿತಾ ಇದ್ದ ಮಾರ್ರೆ, ಅದಕ್ಕೆ ಗೇಟಿಂದಲೇ ಕರೆದದ್ದು. ಟೀಚರಿಗೆ ಗೊತ್ತುಂಟು ಅಂತ ನಾವು ಗ್ರಹಿಸಿದ್ದು. ನೀವು ಹೇಳ್ಲಿಲ್ವಾ?”

“ನಾನು ಹೇಳಲಿಲ್ಲ.”

“ಇವನು ಇಲ್ಲಿ ದಿನಾ ಬೆಳಗ್ಗೆ ಚಪ್ಪಲಿ ಹಾಕ್ಕೊಂಡು ಬಾಗಿಲ ಹತ್ರ ನಿಲ್ತಾನೆ. ನಾಳೆಯೇ ತರ್ತೇನೆ.”

ಶನಿವಾರ ಹತ್ತು ಗಂಟೆಗೆ ಆರ್ಯ ಬಂದ. ಟೀಚರಿಗೆ ಮೊದಲೇ ಹೇಳಿದ್ದೆ. ಅವರು ಬಾಗಿಲಲ್ಲೇ ಮಂಡಿಯೂರಿ ಕೂತಿದ್ದರು. ಅವನು ಅವರನ್ನು ದಾಟಿ ನೇರವಾಗಿ ಕಪಾಟಿನ ಹತ್ತಿರ ಓಡಿ ಕೆಂಪು ಲಾರಿ ತೆಗೆದುಕೊಂಡ. ಹತ್ತು ನಿಮಿಷ ಯಾರ ಕಡೆಗೂ ನೋಡಲಿಲ್ಲ. ಆಮೇಲೆ ಲಾರಿ ಸಮೇತ ಬಂದು, ಹಿಂದಿನ ದಿನವಷ್ಟೇ ಎದ್ದು ಹೋದವನ ಹಾಗೆ, ಅವರ ಮಡಿಲಲ್ಲಿ ಕೂತ. ಟೀಚರ್ ಅವನ ತಲೆ ಬಾಚಿದರು. ಬೈತಲೆ ತೆಗೆದು, ಕೆಡಿಸಿ, ಮತ್ತೆ ಬಾಚಿದರು. “ಇಲ್ಲಿಂದ ಹೋಗ್ತಾ ಇದ್ದಿ ನೀನು, ಗೊತ್ತುಂಟಾ? ಹೊಸ ಕಡೆ ಹೋಗಿ ಕಚ್ಬಾರ್ದು. ನಾನು ಇಲ್ಲೇ ಇರ್ತೇನೆ,” ಎಂದರು.

ಹೊರಡುವಾಗ ಆರ್ಯ ಟಾಟಾ ಮಾಡಿದ್ದು ಲಾರಿಗೆ. ಟೀಚರ್ ನಗುತ್ತಲೂ ಅಳುತ್ತಲೂ ಇದ್ದರು, ಬಾಗಿಲ ಮುಂದೆಯೇ. ಪಕ್ಕದಲ್ಲಿ ನಿಶ್ಮಿತಾ ಇದ್ದಳು, ಮಾವಶಿ ಇದ್ದಳು, ನಾನೂ ಇದ್ದೆ. ಈ ಸಲ ಕೈಯಲ್ಲಿ ಪೆನ್ನಿರಲಿಲ್ಲ.

ಅವನು ಹೋದ ಮೇಲೆ ನಾನು ಕೇಳಿದೆ: “‘ಇಲ್ಲೇ ಇರ್ತೇನೆ’ ಅಂದ್ರಲ್ಲ ಟೀಚರ್, ಅದು ಅವನಿಗೆ ಹೇಳಿದ್ದಾ, ನಿಜಕ್ಕೂ ಹೇಳಿದ್ದಾ?”

“ಮಕ್ಕಳಿಗೆ ನಾನು ಸುಳ್ಳು ಹೇಳುದಿಲ್ಲ,” ಎಂದರು. “ಗಾಜಿನವರಿಗೆ ಬೇಡ ಅಂತ ಇವತ್ತೇ ಮೇಲ್ ಹಾಕ್ತೇನೆ. ಆದ್ರೆ ಕೇಳು, ಇದು ಶಾಲಿಗೆ ಅಲ್ಲ, ಪೇಟಕ್ಕೆ ಅಲ್ಲ. ನೀನು ಒಂದು ಗಂಟೆಗೆ ಆ ಕೋಣೆಗೆ ಬಾರದ ದಿನ ನಾನು ಠಾಣೆಯ ಆ ಶಾಲೆಯಲ್ಲಿ ಇರ್ತೇನೆ. ಸರಸ್ವತಿಯಮ್ಮನಿಗೂ ಇದೇ ಮಾತು. ಬರಿ.”

ಬರೆದಿದ್ದೇನೆ. ಮೇಲ್ ಹಾಕಿದ್ದನ್ನೂ ಕಣ್ಣಾರೆ ನೋಡಿದ್ದೇನೆ. ಇಂದು ಸಂಜೆ ಧಾತ್ರಿ ಮೇಡಂ ಬಂದವರು ಹಾಲ್‌ನಲ್ಲಿ ಕೂತು ಟೀಚರ ಜೊತೆ ಐದು ನಿಮಿಷ ಮಾತಾಡಿದರು. ಇಂಚರಾಳ ಬಗ್ಗೆ ಒಂದು ಮಾತೂ ಇರಲಿಲ್ಲ.

ಪ್ರತಿಜ್ಞೆ ನೆರವೇರಿತು, ಅತ್ತೆ. ಕೀರ್ತಿ ತಮಗೂ ನನಗೂ ಸಮಪಾಲು ಎಂದು ಇಲ್ಲಿಗೇ ಮುಗಿಸಿ ಸಹಿ ಹಾಕಿಬಿಡಬಹುದಿತ್ತು. ಕೈ ನೋಯಲಿ ಎಂದಿದ್ದೀರಿ, ಇನ್ನೊಂದಿಷ್ಟು ನೋಯಿಸುತ್ತೇನೆ.

ಮೇ ಹತ್ತರಂದು ಗೆಳೆಯ ಸಂತುವಿನ ನಿಶ್ಚಿತಾರ್ಥ ಎಂದು ರಜೆ ಕೇಳಿದ್ದೆನಲ್ಲ, ಸಂತುವಿಗೆ ಇನ್ನೂ ಹುಡುಗಿಯೇ ಸಿಕ್ಕಿಲ್ಲ. ಅವತ್ತು ನಾನು ಠಾಣೆಯ ಗಾಜಿನ ಶಾಲೆಗೆ ಮ್ಯಾನೇಜರ್ ಕೆಲಸದ ಇಂಟರ್‌ವ್ಯೂಗೆ ಹೋಗಿದ್ದೆ. ‘ನಿಮ್ಮ ಕೇಂದ್ರದ ವಿಶೇಷ ಏನು?’ ಎಂದು ಕೇಳಿದರು. ನನ್ನ ಬಗ್ಗೆ ಹೇಳಲು ಏನೂ ಹೊಳೆಯದೆ ವಿಜೇತಾ ಟೀಚರ ಬಗ್ಗೆ ಇಪ್ಪತ್ತು ನಿಮಿಷ ಹೇಳಿದೆ. ಅವರು ಎಲ್ಲವನ್ನೂ ಬರೆದುಕೊಂಡು, ಟೀಚರ ನಂಬರ್ ಇದೆಯಾ ಎಂದು ಕೇಳಿದರು. ನನ್ನ ಬಗ್ಗೆ ವಿಚಾರಿಸಲು ಇರಬೇಕೆಂದು ಕೊಟ್ಟೆ.

ನನ್ನನ್ನು ಅವರು ಕರೆಯಲೇ ಇಲ್ಲ.

ಅಚಿಂತ್ಯ